ಅಪ್ಪ ಕೇಳದೆ ಹೋದ ನಾಲ್ಕು ಆವೃತ್ತಿಗಳು

ಅಪ್ಪನಿಗೆ ನಮಸ್ಕಾರ.

ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ನಮ್ಮ ಮುಕ್ತ ತಂತ್ರಾಂಶದ ಪ್ರತಿ ಆವೃತ್ತಿಯನ್ನೂ ಮೊದಲು ನಿಮಗೆ ಕೇಳಿಸಿ, ನೀವು "ಸರಿಯಾಗಿದೆ, ಬಿಡು" ಅಂದಮೇಲೇ ಬಿಡುಗಡೆ ಮಾಡುತ್ತಿದ್ದೆ. ಈ ವರ್ಷ ಬಿಡುಗಡೆಯೆಲ್ಲ ತಾನಾಗಿಯೇ ಆಗುವಂತೆ ಮಾಡಿದಾಗ, ತಡವಾಗುತ್ತದೆಂದು ಆ ಹಂತವನ್ನು ನಾನೇ ತೆಗೆದುಹಾಕಿದೆ. ನಿಮಗೆ ಹೇಳಲಿಲ್ಲ; ನೀವೂ ಕೇಳಲಿಲ್ಲ.

ಆಮೇಲೆ ನಾಲ್ಕು ಆವೃತ್ತಿ ಹೋದವು. ಕಂಪ್ಯೂಟರಿನ ಪರೀಕ್ಷೆಗಳಲ್ಲೆಲ್ಲ ಪಾಸಾದವು, ಜೊತೆಗಾರರಿಂದ ಬೆನ್ನು ತಟ್ಟಿಸಿಕೊಂಡೆ. ಹೊಸದು ಪ್ರತಿ ಪುಟದ ಕೊನೆಯ ಪದವನ್ನು ನುಂಗುತ್ತದೆಂದು ನಿನ್ನೆ ತಂಗಿಯಿಂದ ಗೊತ್ತಾಯಿತು. "ಅವನಿಗೆ ಹೇಳ್ಬೇಡ, ಪಾಪ, ಕೆಲಸ ಜಾಸ್ತಿ" ಅಂದಿರಂತೆ.

ಮುಂದಿನದನ್ನು ತಡೆದಿದ್ದೇನೆ. ಭಾನುವಾರ ಫೋನ್ ಮಾಡಿ ಕೇಳಿಸುತ್ತೇನೆ. ಒಂದೇ ಪುಟದ ಈ ಪತ್ರವನ್ನು ಮಾತ್ರ, ತಂಗಿಗೆ ಹೇಳಿ ಹಳೆಯ ಆವೃತ್ತಿ ಹಾಕಿಸಿಕೊಂಡು ಕೇಳಿ. ಹೊಸದರಲ್ಲಿ ಕೊನೆಯ ಪದ ನಿಮಗೆ ತಲುಪುವುದಿಲ್ಲ.

ಇತಿ ನಿಮ್ಮ ಮಗ.

ಅಪ್ಪ, ಕ್ಷಮಿಸಿ.