ಅಡುಗೆಮನೆ ಬಾಗಿಲಿನಾಚೆಯ ದನಿ

ಅಪ್ಪಾ,

ಸತ್ತು ಒಂಬತ್ತು ವರ್ಷವಾದರೂ ನಿಮ್ಮ ದೌಲತ್ತು ಇಳಿದಿಲ್ಲ. ಮಹಾನ್ ಗಾಯಕ ಅಂತ ನಿಮ್ಮ ಬದುಕನ್ನೇ ಸಿನಿಮಾ ಮಾಡಿದ್ದಾರೆ. ಇವತ್ತು ಮಧ್ಯಾಹ್ನ ಅಮ್ಮನನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ಚಿತ್ರ ಎಷ್ಟು ಸ್ಪಷ್ಟ ಅಂದರೆ, ನಿಮ್ಮ ಪಾತ್ರ ಮಾಡಿದವನ ಹಣೆಯ ಬೆವರ ಹನಿಗಳನ್ನು ಒಂದೊಂದಾಗಿ ಎಣಿಸಬಹುದು. ನೀವು ಬೆವರು ಸುರಿಸಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಹಾಡು ಮಾತ್ರ ನಿಮ್ಮದೇ ದನಿ. ಚಿಕ್ಕವಳಿದ್ದಾಗ ನಾನು ನಡುಮನೆಯಲ್ಲಿ ರೆಕಾರ್ಡ್ ಮಾಡಿದ್ದ ಹಳೆಯ ಟೇಪನ್ನೇ ಶುದ್ಧ ಮಾಡಿ ಹಾಕಿದ್ದಾರೆ. ಆಗ ಬರೀ ಗೊರಗೊರ ಎನ್ನುತ್ತಿದ್ದ ಜಾಗದಲ್ಲಿ ಈಗ, ನೀವು ಪ್ರತಿ ಸಾಲು ಎತ್ತುವ ಮುಂಚೆ, ಅದೇ ಸಾಲನ್ನು ಒಂದು ಹೆಣ್ಣುದನಿ ಮೆಲ್ಲಗೆ ಹಾಡಿ ತೋರಿಸುತ್ತದೆ. ನೀವು ಯಾವಾಗಲೂ ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟೇ ಯಾಕೆ ಕೂರುತ್ತಿದ್ದಿರಿ ಅಂತ ಈಗ ಗೊತ್ತಾಯಿತು. "ಈ ರಾಗ ನನಗೆ ಕನಸಲ್ಲಿ ಬಂತು" ಅಂತ ಊರಿಗೆಲ್ಲ ಡಂಗುರ ಸಾರಿದ್ದಿರಲ್ಲ, ಆ ಕನಸು ಒಳಗೆ ಪಾತ್ರೆ ತೊಳೆಯುತ್ತಿತ್ತು.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಕೇಳಿಸ್ತೇನಮ್ಮಾ? ಅದು ನಿನ್ನ ದನಿ! ಅಪ್ಪ ಕಳ್ಳ ಅಂತ ಇಲ್ಲೇ ಎಲ್ಲರ ಮುಂದೆ ಹೇಳ್ತೀನಿ" ಅಂದೆ.

ಅಮ್ಮ ತೆರೆಯಿಂದ ಕಣ್ಣು ಕೀಳಲಿಲ್ಲ. ನಿಜವಾಗಿಯೂ ಅಚ್ಚರಿಯಿಂದ ಕೇಳಿದಳು:

"ಅದು ಹೇಗೆ ಕೇಳಿಸ್ತೇ? ರೆಕಾರ್ಡ್ ಮಾಡೋಕೆ ಮುಂಚೆ ನೀನು ಚಿಲಕ ಸಮೇತ ಅಡುಗೆಮನೆ ಬಾಗಿಲು ಹಾಕ್ತಿದ್ಯಲ್ಲ?"