ಬೆನ್ನಿಗೆ ಕಟ್ಟಿದ ಬಲ

ದೊಡ್ಡ ಸಿಸ್ಟರ್ ಅವರಿಗೆ, ಕೆಳಗಿನ ವಾರ್ಡಿನ ಆಯಾ ಮಾಡುವ ನಮಸ್ಕಾರ.

ನೀವು ಕೊಟ್ಟ ಬೆನ್ನಿನ ಯಂತ್ರ ಚೆನ್ನಾಗಿದೆ, ಸುಳ್ಳು ಹೇಳಬಾರದು. ಕಟ್ಟಿಕೊಂಡರೆ ಎಂಥ ದಪ್ಪ ರೋಗಿಯನ್ನೂ ಒಬ್ಬಳೇ ಎತ್ತುತ್ತೇನೆ. ಅದಕ್ಕೇ ನನ್ನ ಜೊತೆಗಿದ್ದ ಇನ್ನೊಬ್ಬ ಆಯಾ ಅಕ್ಕನನ್ನು ಕೆಲಸದಿಂದ ಬಿಡಿಸಿದಿರಿ. ಆದರೆ ಎತ್ತುವಾಗ ಅಕ್ಕ ರೋಗಿಗಳ ಕೈ ಹಿಡಿದು, "ಏನಜ್ಜಿ, ಹೊಸ ಸೊಸೆ ಹಾಗೆ ನಾಚ್ತೀಯಲ್ಲ!" ಅಂತ ನಗಿಸುತ್ತಿದ್ದಳು. ಈಗ ಯಂತ್ರದ ಸದ್ದಿಗೇ ಹೆದರಿ ಕೊಸರಾಡುತ್ತಾರೆ. ಬಲ ಬಂತು ಸಿಸ್ಟರ್, ಕೈ ಮಾತ್ರ ಎರಡೇ ಅಲ್ಲವಾ? ನಿನ್ನೆ ಕಿಟಕಿ ಪಕ್ಕದ ಮಂಚದ ಅಜ್ಜಿ ಇನ್ನೇನು ನನ್ನ ಕೈಯಿಂದ ಜಾರಿ ಬೀಳುತ್ತಿದ್ದರು. ಆಗಿನಿಂದ ನನಗೆ ಊಟ ಸೇರುತ್ತಿಲ್ಲ, ಸಾಕಾಗಿಹೋಗಿದೆ.

ಬೈದರೂ ಸರಿ, ಅಕ್ಕನನ್ನು ವಾಪಸ್ ಕರೆಸಿ. ಅಲ್ಲಿಯವರೆಗೆ ಆ ಅಜ್ಜಿಯನ್ನು ಎತ್ತುವಾಗ ನೀವೇ ಒಂದು ಗಳಿಗೆ ಬಂದು ಕೈ ಹಿಡಿದುಕೊಳ್ಳಿ. ಬಲಗೈ ಹಿಡಿಯಿರಿ, ಎಡಗೈಗೆ ಸೂಜಿ ಚುಚ್ಚಿದೆ.

ಇಂತಿ,
ನಿಮ್ಮ ಆಯಾ