ಐವತ್ತೆಂಟನೇ ಪುಟದ ನಿಯಮ

ಸೋಮವಾರ, ಮಧ್ಯಾಹ್ನ ಮೂರೂವರೆ

ನನ್ನ ಪೆನ್ಸಿಲ್‌ಗೆ,

ನಿನಗೆ ಕಾಗದ ಬರೆದು ನಾಲ್ಕು ವರ್ಷವಾಯಿತು. ಈಗ ನೀನು ಪುಸ್ತಕ ಬರೆದವಳು, ನಾಲ್ಕು ಜನ ಗೌರವ ಕೊಡುವವಳು. ಆದರೂ ಗಣಿತದ ನೋಟುಪುಸ್ತಕದ ಅಂಚಿನಲ್ಲೆಲ್ಲ ದೊಡ್ಡ ಕಣ್ಣಿನ ಹುಡುಗಿಯರನ್ನು ಗೀಚಿ ಮೇಷ್ಟರಿಂದ ಬೈಸಿಕೊಳ್ಳುತ್ತಿದ್ದವಳು ನನಗೆ ಯಾವತ್ತಿದ್ದರೂ ಪೆನ್ಸಿಲ್ಲೇ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಿನ್ನ ಅನಿಮೆ ಆಟದ ಪುಸ್ತಕ ‘ಮಿಂಚುಗಣ್ಣಿನ ಪಡೆ’ ಮುಂದಿನ ತಿಂಗಳು ಎರಡನೇ ಸಲ ಅಚ್ಚಿಗೆ ಹೋಗುತ್ತದೆ, ಏನು ಚೆನ್ನಾಗಿದೆ, ಏನು ಕೆಟ್ಟಿದೆ, ಮುಲಾಜಿಲ್ಲದೆ ಬರಿ ಎಂದಿದ್ದೀಯ. ಕೊನೆಯಲ್ಲಿ, ನೀನು ಯಾಕೆ ನಮ್ಮ ಆಟ ಬಿಟ್ಟು ಹೋದೆ ಅಂತ ಇವತ್ತಿಗೂ ಗೊತ್ತಾಗಿಲ್ಲ ಎಂದೂ ಸೇರಿಸಿದ್ದೀಯ. ಮೊದಲು ಪುಸ್ತಕದ ಮಾತು ಮುಗಿಸುತ್ತೇನೆ.

ನಿಜ ಹೇಳಲಾ? ಪುಸ್ತಕ ಬಂದಾಗ ನಾನು ಪೊಟ್ಟಣ ಬಿಚ್ಚಲೇ ಇಲ್ಲ. ಎಂಟು ತಿಂಗಳು ಅದು ಬೀರುವಿನ ಮೇಲೆ, ಹಳೆಯ ಕಂಬಳಿಯ ಪಕ್ಕದಲ್ಲಿ ಧೂಳು ತಿಂದಿತು. ಬಿಚ್ಚಿದವರು ನಮ್ಮ ಅತ್ತೆ. ಮೂವತ್ತು ವರ್ಷ ಟೈಪಿಂಗ್ ಕಲಿಸಿದವರಲ್ಲವೇ, ಅಕ್ಷರ ಕಂಡರೆ ಸಾಕು, ಕೈ ಕೆಂಪು ಪೆನ್ನು ಹುಡುಕುತ್ತದೆ. ಇನ್ನೂರ ಹದಿನಾಲ್ಕು ಪುಟವನ್ನು ಎರಡೇ ದಿನದಲ್ಲಿ ಓದಿದರು. ಅರವತ್ಮೂರು ಅಚ್ಚಿನ ತಪ್ಪು ಹಿಡಿದರು. ಆಮೇಲೆ ಅಡುಗೆಮನೆಗೆ ಬಂದು, “ಇದು ಓದೋ ಪುಸ್ತಕ ಅಲ್ಲ ಕಣೇ, ಆಡೋ ಪುಸ್ತಕ. ಮತ್ತೆ ನಾವ್ಯಾಕೆ ಸುಮ್ನೆ ಕೂತಿದೀವಿ?” ಎಂದರು.

ಅಲ್ಲಿಗೆ ಶುರುವಾಯಿತು. ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರಣ್ಣ, ರಕ್ತಪರೀಕ್ಷೆ ವಿಭಾಗದ ಗೆಳತಿ, ಅತ್ತೆ, ನಾನು. ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ, ಕಾಗದ, ಪೆನ್ನು, ದಾಳ ಹರಡಿಕೊಂಡು ಕೂರುವುದು. ಆ ಮೂವರಿಗೆ ಒಂದೊಂದು ಪಾತ್ರ; ಪಾತ್ರ ಏನು ಮಾಡುತ್ತದೆಂದು ಅವರು ಹೇಳಬೇಕು, ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಕಥೆ ನಡೆಸುವ ಸೂತ್ರಧಾರ ನಾನು. ಡ್ರೈವರಣ್ಣನಿಗೆ ಅನಿಮೆ ಅಂದರೆ ಏನೆಂದೇ ಗೊತ್ತಿರಲಿಲ್ಲ. “ಜಪಾನಿನ ಕಾರ್ಟೂನು, ಆದ್ರೆ ಅಳು ಬರುತ್ತೆ” ಎಂದೆ. ಅಷ್ಟಕ್ಕೇ ಒಪ್ಪಿಕೊಂಡ.

ಚೆನ್ನಾಗಿರುವುದನ್ನು ಹೇಳುತ್ತೇನೆ. ಪಾತ್ರ ಕಟ್ಟುವ ಅಧ್ಯಾಯ ಓದಿ ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಆಟಗಳು ಮೊದಲು ತೋಳಿನ ಬಲ ಕೇಳುತ್ತವೆ, ಕತ್ತಿಯ ಉದ್ದ ಕೇಳುತ್ತವೆ. ನಿನ್ನ ಪುಸ್ತಕದ ಮೊದಲ ಪ್ರಶ್ನೆ, ‘ನೀನು ಮನೆಗೆ ಮರಳುವವರೆಗೆ ದೀಪ ಆರಿಸದೆ ಕಾಯುವವರು ಯಾರು?’ ಡ್ರೈವರಣ್ಣ ಅದನ್ನು ಓದಿ ‘ತಂಗಿ’ ಎಂದು ಬರೆದ. ಅವನಿಗೆ ಒಬ್ಬ ತಂಗಿ ಇದ್ದಾಳೆಂದು ಏಳು ವರ್ಷ ಜೊತೆಗೆ ಕೆಲಸ ಮಾಡಿದ ನನಗೆ ಅವತ್ತೇ ತಿಳಿದದ್ದು.

ಕಣ್ಣೀರ ದಾಳವೂ ಹಾಗೆಯೇ. ಸೋತವರಿಗೆ ಒಂದು ನೀಲಿ ದಾಳ, ಅದನ್ನು ಮುಂದೆ ಯಾವಾಗ ಬೇಕಾದರೂ ಎಸೆಯಬಹುದು. ಬಿದ್ದವನೇ ಎದ್ದಾಗ ಎರಡರಷ್ಟು ಗಟ್ಟಿಯಾಗುವುದು, ನಾವು ಶಾಲೆ ಬಿಟ್ಟು ಓಡಿಬಂದು ನಿಮ್ಮನೆ ಟಿವಿಯ ಮುಂದೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಕಥೆಗಳಲ್ಲಿ ಇದ್ದದ್ದೇ ಅದಲ್ಲವೇ. ಅದನ್ನು ಒಂದು ದಾಳದಲ್ಲಿ ಹಿಡಿದಿಟ್ಟಿದ್ದೀಯ. ಶತ್ರುವಿನ ಜೊತೆ ಮೂರು ಸಲ ಹೋರಾಡಿದ ಮೇಲೆ ಅವನನ್ನು ಊಟಕ್ಕೆ ಕರೆಯಲೇಬೇಕೆಂಬ ನಿಯಮಕ್ಕೆ ಅತ್ತೆ ಅಂಚಿನಲ್ಲಿ ‘ಭೇಷ್’ ಎಂದು ಬರೆದಿದ್ದಾರೆ. ಆ ಪದ ಅವರ ಕೈಯಿಂದ ಬಂದದ್ದನ್ನು ಅವರ ಮಗನಾಗಿ ನಮ್ಮ ಯಜಮಾನರೂ ಕಂಡಿಲ್ಲವಂತೆ.

ಇನ್ನು ಬೈಗುಳ. ನಿನ್ನ ಹೋರಾಟಗಳು ಮುಗಿಯುವುದೇ ಇಲ್ಲ ಕಣೇ. ಒಬ್ಬನೇ ಒಬ್ಬ ಕಬ್ಬಿಣದ ರೋಬೋವನ್ನು ಕೆಡವಲು ಎರಡೂವರೆ ಗಂಟೆ. “ನನ್ನ ಪಾಳಿ ಮುಗಿದು ಇನ್ನೊಬ್ಬನ ಪಾಳಿ ಶುರುವಾದ್ರೂ ಈ ತಗಡು ಡಬ್ಬ ಸಾಯಲ್ಲ ಬಿಡಿ” ಎಂದು ಡ್ರೈವರಣ್ಣ ಗೋಡೆಗೆ ಒರಗಿ ನಿದ್ದೆಹೋದ. ನಲವತ್ತೊಂದನೇ ಪುಟ ‘ನೂರಹನ್ನೆರಡು ನೋಡಿ’ ಎನ್ನುತ್ತದೆ, ನೂರಹನ್ನೆರಡಕ್ಕೆ ಹೋದರೆ ‘ನಲವತ್ತೊಂದು ನೋಡಿ’. ತವರಿಗೆ ಹೋದರೆ ಗಂಡನ ಮನೆಗೆ ಹೋಗು, ಗಂಡನ ಮನೆಗೆ ಬಂದರೆ ತವರಿಗೆ ಹೋಗು ಅಂದ ಹಾಗಾಯಿತು. ಪಾತ್ರ ಕಟ್ಟುವಾಗ ಹಾರುವ ರೋಬೋ ಅಷ್ಟು ಅಗ್ಗಕ್ಕೆ ಸಿಕ್ಕರೆ ಬರಿಗೈಯ ಶಾಲಾ ಹುಡುಗಿಯ ಪಾತ್ರವನ್ನು ಯಾರು ಆರಿಸುತ್ತಾರೆ ಹೇಳು. ನಮ್ಮ ರಕ್ತಪರೀಕ್ಷೆಯವಳು ಆರಿಸಿದಳು, ಪಾಪ, ಮೂರು ವಾರ ಬೇರೆಯವರ ರೋಬೋ ಒರೆಸಿದಳು. ಮತ್ತೆ ಆ ಚಿತ್ರಗಳು! ಕಣ್ಣುಗಳಂತೂ ಕಣ್ಣಲ್ಲೇ ಉಳಿಯುತ್ತವೆ. ಆದರೆ ಹಿಮದ ನಾಡಿನ ಯೋಧೆಗೆ ಹಾಕಿಸಿರುವ ಕವಚ ನೋಡಿ ಅತ್ತೆ, “ಈ ಹುಡುಗಿಗೆ ಚಳಿ ಆಗಲ್ವಾ? ಹುಡುಗ್ರಿಗೆ ಮಾತ್ರ ಕೋಟು ಕೊಟ್ಟಿದಾಳಲ್ಲ ನಿನ್ನ ಸ್ನೇಹಿತೆ” ಎಂದರು. ನೀನೇ ಬರೆದ ಚಿತ್ರವೋ, ಪ್ರಕಾಶಕರು ಹೇಳಿ ಬರೆಸಿದ್ದೋ ನನಗೆ ಗೊತ್ತಿಲ್ಲ. ಕೋಟು ಹಾಕಿಸು.

ಇಷ್ಟು ಬರೆದು ಎದ್ದು ಹೋಗಿ ಚಹಾ ಕುಡಿದು ಬಂದೆ. ಐವತ್ತೆಂಟನೇ ಪುಟವೊಂದು ಉಳಿದಿದೆ.

ಅದೇ ‘ಘೋಷ’ದ ನಿಯಮ. ದೊಡ್ಡ ಏಟು ಹೊಡೆಯುವಾಗ ಆಟಗಾರ ಎದ್ದು ನಿಂತು ಏಟಿನ ಹೆಸರನ್ನು ಒಂದೇ ಉಸಿರಿನಲ್ಲಿ, ತಡವರಿಸದೆ ಕೂಗಬೇಕು. ಕೂಗಿದರೆ ಎರಡು ದಾಳ ಹೆಚ್ಚು. ಮೂರು ಎಣಿಸುವುದರೊಳಗೆ ಬರದಿದ್ದರೆ ಏಟು ವ್ಯರ್ಥ.

ನಾಲ್ಕು ವರ್ಷದ ಹಿಂದೆ ನಿನ್ನ ಮನೆಯ ಮಹಡಿಯಲ್ಲಿ, ಪುಸ್ತಕ ಇನ್ನೂ ಬಿಡಿ ಹಾಳೆಗಳಾಗಿದ್ದಾಗ, ಪರೀಕ್ಷೆಗೆಂದು ಆಡಿದೆವಲ್ಲ. ದಾಳ ಎಸೆದು ಪಟ್ಟಿಯಿಂದ ಹೆಸರು ತೆಗೆಯಬೇಕಿತ್ತು. ನನಗೆ ಬಂದದ್ದು ‘ಪ್ರಚಂಡ ಪಾದರಸ ಪ್ರಹಾರ’. ನಾನು ಎದ್ದು ನಿಂತೆ. ತುಟಿ ಮುಚ್ಚಿಕೊಂಡದ್ದು ತೆರೆಯಲಿಲ್ಲ. ನಿನ್ನ ಚಿಕ್ಕಪ್ಪನ ಮಗ ಒಂದು, ಎರಡು, ಮೂರು ಎಣಿಸಿದ. ಯಾರೋ ನನ್ನ ಪರವಾಗಿ ಹೆಸರು ಹೇಳಿ ಮುಗಿಸಿದರು, ಎಲ್ಲರೂ ನಕ್ಕರು. ಆ ನಗು ನನಗೆ ಹೊಸದಲ್ಲ, ಒಂದನೇ ತರಗತಿಯಿಂದ ತಿಂದು ಅರಗಿಸಿಕೊಂಡದ್ದೇ. ನೀನು ನಗಲಿಲ್ಲ. ನನ್ನ ಭುಜ ಮುಟ್ಟಿ, “ಪರವಾಗಿಲ್ಲ, ಇವಳಿಗೆ ಈ ನಿಯಮ ಬೇಡ. ಇವಳು ಹಾಗೇ ದಾಳ ಹಾಕ್ಲಿ” ಎಂದೆ. ಪ್ರೀತಿಯಿಂದಲೇ ಅಂದೆ, ನನಗೆ ಗೊತ್ತು. ಆದರೆ ಎಲ್ಲರಿಗೂ ಎರಡು ದಾಳ ಹೆಚ್ಚು ಸಿಕ್ಕಾಗ ನನಗೆ ಸಿಗಲಿಲ್ಲ.

ಮುಂದಿನ ವಾರ ಪಾಳಿ ಬದಲಾಗಿದೆ ಎಂದು ಚೀಟಿ ಕಳಿಸಿದೆನಲ್ಲ, ಅದು ಸುಳ್ಳು. ನನ್ನದು ಯಾವಾಗಲೂ ಬೆಳಗಿನ ಪಾಳಿಯೇ.

ಅತ್ತೆ ಓದಿ ಪುಸ್ತಕ ನನ್ನ ಕೈಗೆ ಕೊಟ್ಟಾಗ ನಾನು ಮೊದಲು ಹುಡುಕಿದ್ದು ಆ ಪುಟವನ್ನೇ. ತಪ್ಪು ಹಿಡಿಯಲೆಂದೇ ಹುಡುಕಿದೆ. ಅಲ್ಲಿ ಕೆಳಗೆ ಸಣ್ಣ ಚೌಕದಲ್ಲಿ, ‘ಮಾತಿನ ತೊಂದರೆ ಇರುವವರಿಗೆ ಈ ನಿಯಮದಿಂದ ವಿನಾಯಿತಿ ಇದೆ’ ಎಂದಿತ್ತು. ನನ್ನನ್ನು ನೆನೆದೇ ಬರೆದಿದ್ದೀಯ. ಅದನ್ನು ಓದಿ ಕಣ್ಣು ತುಂಬಿತು, ಮೈ ಉರಿಯಿತು. ಎರಡೂ ಒಟ್ಟಿಗೆ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ಸೂತ್ರಧಾರಳಾಗಿ ನಾನು ಯಾಕೆ ಕೂತೆ ಎಂದು ಈಗ ನಿನಗೆ ಅರ್ಥವಾಗಿರುತ್ತದೆ. ಸೂತ್ರಧಾರ ಘೋಷ ಕೂಗಬೇಕಿಲ್ಲ. ನಾಲ್ಕು ಭಾನುವಾರ ಹೀಗೇ ಬಚಾವಾದೆ. ಐದನೆಯ ವಾರ ಅತ್ತೆ ಬಂದು ನನ್ನ ಕುರ್ಚಿಯಲ್ಲಿ ಕೂತುಬಿಟ್ಟರು. “ದಿನಾ ನೀನೇ ಬಡಿಸ್ತೀಯ. ಇವತ್ತು ಕೂತು ಊಟ ಮಾಡು” ಎಂದರು. ನಾನು ಏನೇನೋ ನೆಪ ಹೇಳಿದೆ. ಕೇಳಲಿಲ್ಲ. ದಾಳ ಎಸೆದೆ, ಪಟ್ಟಿ ನೋಡಿದೆ. ಮೂವತ್ತಾರು ಹೆಸರಿನಲ್ಲಿ ಇಪ್ಪತ್ತೊಂದು ನನ್ನ ಬಾಯಲ್ಲಿ ಅಂಟುವ ‘ಪ’, ‘ಬ’, ‘ಕ’ಗಳಿಂದಲೇ ಶುರುವಾಗುತ್ತವೆ, ಎಣಿಸಿದ್ದೇನೆ. ನನ್ನ ಪಾಲಿಗೆ ಬಂದದ್ದು ‘ಬಾನು ಬಿರಿದ ಬೆಂಕಿ’.

ಎದ್ದು ನಿಂತೆ. ದಿನಕ್ಕೆ ಅರವತ್ತು ಜನಕ್ಕೆ ಎಕ್ಸ್‌ರೇ ಕೋಣೆಯಲ್ಲಿ “ಉಸಿರು ಹಿಡ್ಕೊಳ್ಳಿ, ಬಿಡಿ” ಎನ್ನುವವಳು ನಾನು. ಅದೂ ‘ಬಿಡಿ’ ಬಾರದ ದಿನ ಅಂಗೈ ಎತ್ತಿ ತೋರಿಸುತ್ತೇನೆ, ಜನ ಅರ್ಥಮಾಡಿಕೊಳ್ಳುತ್ತಾರೆ. ಇಲ್ಲಿ ಕೈಸನ್ನೆ ನಡೆಯುವುದಿಲ್ಲ. ತುಟಿ ಅಂಟಿತು. ನಾನು ಎಣಿಕೆಗಾಗಿ ಕಾದೆ.

ಯಾರೂ ಎಣಿಸಲಿಲ್ಲ. ಡ್ರೈವರಣ್ಣ ತನ್ನ ಹಾಳೆ ನೋಡುತ್ತಿದ್ದ. ಗೆಳತಿ ನನ್ನ ಮುಖವನ್ನೇ ನೋಡುತ್ತಿದ್ದಳು, ಪಾಪ ಎನ್ನುವ ಹಾಗಲ್ಲ, ರೋಬೋ ಬೀಳುತ್ತದೋ ಇಲ್ಲವೋ ಎನ್ನುವ ಹಾಗೆ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಕೊನೆಗೂ ಬಂತು ಕಣೇ, ‘ಬಾ’ ಐದಾರು ತುಂಡಾಗಿ, ‘ಬಿರಿದ’ ಇನ್ನೂ ಮೂರು ತುಂಡಾಗಿ, ‘ಬೆಂಕಿ’ ಮಾತ್ರ ಇಡೀ ಮನೆಗೆ ಕೇಳುವ ಹಾಗೆ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ದಾಳ ನನ್ನತ್ತ ತಳ್ಳಿದರು. ಒಂದೇ ಉಸಿರಲ್ಲಿ ಬರಲಿಲ್ಲವಲ್ಲ, ನಿಯಮ ಹಾಗಿದೆ ಎಂದೆ. “ಹೆಸರು ಪೂರ್ತಿ ಬಂತೋ ಇಲ್ವೋ? ಉಸಿರು ಲೆಕ್ಕ ಹಾಕೋಕೆ ನಾನೇನು ಡಾಕ್ಟರಾ?” ಎಂದರು. ಆಮೇಲೆ ಮೆಲ್ಲಗೆ, ಟೈಪ್‌ರೈಟರಿನಲ್ಲಿ ಅಂಟಿದ ಕೀಲಿಯನ್ನು ಜೋರಾಗಿ ಕುಟ್ಟಿದರೆ ಇನ್ನೂ ಅಂಟುತ್ತದೆ, ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿದ್ದೇನೆ ಎಂದರು.

ರೋಬೋ ಬಿತ್ತು. ಡ್ರೈವರಣ್ಣ ಕುರ್ಚಿಯ ಮೇಲೆ ನಿಂತು ಕುಣಿದ. ಇವರು ಪಕ್ಕದ ಕೋಣೆಯಿಂದ ಏನಾಯಿತೆಂದು ಓಡಿ ಬಂದರು.

ಆದ್ದರಿಂದ ನನ್ನ ಮಾತು ಇಷ್ಟು. ಘೋಷದ ನಿಯಮ ತೆಗೆಯಬೇಡ. ಇಡೀ ಪುಸ್ತಕದಲ್ಲಿ ಅದಕ್ಕಿಂತ ಸೊಗಸಾದ ನಿಯಮ ಇಲ್ಲ. ವಿನಾಯಿತಿಯ ಚೌಕ ಮಾತ್ರ ತೆಗೆ. ಅದರ ಬದಲು ಹೀಗೆ ಬರಿ: ‘ಹೆಸರನ್ನು ಪೂರ್ತಿ ಹೇಳಬೇಕು. ಬಾಯಿಂದಾದರೂ ಸರಿ, ಕೈಸನ್ನೆಯಿಂದಾದರೂ ಸರಿ, ಬರೆದು ತೋರಿಸಿದರೂ ಸರಿ. ಎಷ್ಟು ಹೊತ್ತು ಹಿಡಿದರೂ ಶತ್ರು ಕಾಯುತ್ತಾನೆ.’ ನಗಬೇಡ. ನಾವು ನೋಡಿದ ಅಷ್ಟೂ ಕಥೆಗಳಲ್ಲಿ ನಾಯಕಿ ಗಿರಗಿರ ತಿರುಗಿ ಬಟ್ಟೆ ಬದಲಿಸಿ ಮಿಂಚುವವರೆಗೆ ರಾಕ್ಷಸ ಕೈಕಟ್ಟಿ ನಿಂತೇ ಇರುತ್ತಿದ್ದನಲ್ಲ? ಅವನಿಗಿದ್ದ ತಾಳ್ಮೆ ನಿನ್ನ ಪುಸ್ತಕಕ್ಕೂ ಇರಲಿ.

ಅತ್ತೆಯ ಕೆಂಪು ಪೆನ್ನಿನ ಪ್ರತಿಯನ್ನು ಬೇರೆ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ಅವರ ಕಾಗುಣಿತಕ್ಕೆ ಎದುರಾಡಬೇಡ, ಗೆಲ್ಲಲಾರೆ. ನಾಲ್ಕು ವರ್ಷ ನಿನಗೆ ಕಾರಣ ಹೇಳದೆ ದೂರ ಇದ್ದದ್ದು ನನ್ನ ತಪ್ಪು. ಕೇಳದೆ ಸುಮ್ಮನಿದ್ದದ್ದು ನಿನ್ನದು. ಸರಿಹೋಯಿತು ಅನ್ನೋಣ.

ಇಂತಿ ನಿನ್ನ ಸಿಡುಕಿ,
ಮೆಣಸು

ಮರೆತದ್ದು: ರೋಬೋ ಬಿದ್ದ ಆ ಭಾನುವಾರ ಸಂಜೆ ಏಳು ಗಂಟೆಗೆ ನಿನಗೊಂದು ಹೊಸ ನಂಬರಿನಿಂದ ಫೋನ್ ಬಂದಿತ್ತು. ನೀನು “ಯಾರು? ಯಾರು ಮಾತಾಡ್ತಿರೋದು?” ಎಂದು ಎರಡು ಸಲ ಕೇಳಿ ಇಟ್ಟುಬಿಟ್ಟೆ. ಅದು ನಾನು. ನಿನ್ನ ಹೆಸರೇ ತುಟಿಯಲ್ಲಿ ನಿಂತುಬಿಟ್ಟಿತ್ತು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಮಾಡುತ್ತೇನೆ. ಆ ಕಡೆಯಿಂದ ಏನೂ ಕೇಳಿಸದಿದ್ದರೆ ಇಡಬೇಡ.